ಒಡೆಯನಿಲ್ಲದ ಕೂಟದಲ್ಲಿ ಒಮ್ಮತವೂ ಭಿನ್ನಮತವೂ



‘ಮಾತು ಬೆಳ್ಳಿ, ಮೌನ ಬಂಗಾರ’ ಎಂಬ ಗಾದೆಯನ್ನು ನಮ್ಮ ನಾಡಿನಲ್ಲಿ ಕೇಳದವರಿಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಂತೂ ಇದು ಗೋಡೆಯ ಮೇಲೆ ಬರೆದಿರದಿದ್ದರೂ ಉಪಾಧ್ಯಾಯಿನಿಯರ ನಾಲಗೆಯ ಮೇಲೆ ಸದಾ ಇರುವುದುಂಟು. ಈ ಲೇಖನವನ್ನು ಬರೆಯುವ ನಾನೂ ಅನೇಕ ವರ್ಷ ತರಗತಿಯಲ್ಲಿ ನಿಂತು, ಸುಮ್ಮನೆ ಕುಳಿತ ಹುಡುಗಿಯನ್ನು ಜಾಣೆಯೆಂದು ಹೊಗಳಿ, ಎದ್ದು ಎದುರು ಕೇಳಿದವಳನ್ನು ವಾಚಾಳಿಯೆಂದು ಗದರಿಸಿದವಳೇ. ತರಗತಿಯಲ್ಲಿ ಶಾಂತಿಯು ಬೇಕಾದದ್ದೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಹುಡುಗಿಯರು ಬೆಳೆದು ಸ್ವಸಹಾಯ ಸಂಘದಲ್ಲಿಯೋ, ಸಹಕಾರ ಸಂಘದ ಆಡಳಿತ ಮಂಡಲಿಯಲ್ಲಿಯೋ, ಆಸ್ಪತ್ರೆಯ ದಾದಿಯರ ತಂಡದಲ್ಲಿಯೋ, ಕಾರ್ಖಾನೆಯ ಒಂದು ಗುಂಪಿನಲ್ಲಿಯೋ ಕುಳಿತು, ಹತ್ತು ಮಂದಿಯೊಡನೆ ಕೂಡಿ ತೀರ್ಮಾನ ಮಾಡಬೇಕಾಗಿ ಬಂದಾಗ ಆ ಮೌನವು ಬಂಗಾರವಾಗಿಯೇ ಉಳಿಯುವುದೋ? ಈ ಪ್ರಶ್ನೆಯನ್ನು ನಿಮ್ಮೊಡನೆ ಕೂಡಿ ವಿಚಾರಿಸುವುದೇ ಈ ಲೇಖನದ ಉದ್ದೇಶವು.

೧. ಒಡೆಯನಿಲ್ಲದ ಕೂಟವೆಂದರೇನು?

ಮಲೆನಾಡಿನ ಮತ್ತು ಬಯಲುಸೀಮೆಯ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿಯುಂಟು. ಈ ಹೊತ್ತು ನಾವೆಲ್ಲರೂ ನಿನ್ನ ಗದ್ದೆಯಲ್ಲಿ ನಾಟಿ ಮಾಡುವೆವು. ನಾಳೆ ನೀನು ನಮ್ಮ ಗದ್ದೆಗೆ ಬಂದು ಆ ಮುಯ್ಯನ್ನು ತೀರಿಸತಕ್ಕದ್ದು. ಇಲ್ಲಿ ಕೂಲಿಯಿಲ್ಲ, ಮೇಸ್ತ್ರಿಯಿಲ್ಲ. ಹೀಗಿದ್ದರೂ ತೀರ್ಮಾನ ಮಾಡಬೇಕಾದ ಸಂಗತಿಗಳು ಎಷ್ಟೋ ಇವೆ. ಯಾರ ಸಸಿ ಮೊದಲು ಬಲಿತಿದೆ? ಯಾರ ಗದ್ದೆಯ ನೀರು ಮೊದಲು ಇಂಗುವುದು? ಮಳೆ ಹಿಡಿದರೆ ಯಾರ ಕೆಲಸ ಹಿಂದೆ ಬೀಳಬೇಕು? ಇವನ್ನೆಲ್ಲ ಕೆಲಸ ಮಾಡುವವರೇ ಕೂತು ಮಾತನಾಡಿ ಇತ್ಯರ್ಥ ಮಾಡಿಕೊಳ್ಳುವರು.

ಮೇಲಿನಿಂದ ಒಬ್ಬರು ಅಪ್ಪಣೆ ಕೊಡದೆ, ಯಾರು ಯಾವ ಕೆಲಸವನ್ನು, ಯಾವಾಗ, ಹೇಗೆ ಮಾಡತಕ್ಕದ್ದೆಂಬುದನ್ನು ಕೆಲಸಗಾರರ ಗುಂಪೇ ನಿರ್ಧರಿಸಿ, ಅದರ ಫಲಕ್ಕೆ ಎಲ್ಲರೂ ಕೂಡಿ ಹೊಣೆಯಾಗುವ ಏರ್ಪಾಡಿಗೆ ಈಗಿನ ವಿದ್ವಾಂಸರು ಸ್ವಯಂ ಆಡಳಿತದ ತಂಡವೆಂದು ಹೆಸರಿಡುವರು. ಇಂಥ ತಂಡಕ್ಕೆ ಎರಡು ಕಾಲುಗಳುಂಟು. ಒಂದು ಸಹಕಾರ, ಇನ್ನೊಂದು ಭಿನ್ನಾಭಿಪ್ರಾಯ. ಮೊದಲನೆಯದನ್ನು ಎಲ್ಲರೂ ಹೊಗಳುವರು. ಎರಡನೆಯದನ್ನು ಕಂಡರೆ ಎಲ್ಲರಿಗೂ ಅಂಜಿಕೆ. ಒಂಟಿ ಕಾಲಿನಿಂದ ನಡೆಯಲಾಗದೆಂಬುದನ್ನು ಕೆಳಗಣ ಸಂಗತಿಗಳು ತೋರಿಸುವವು.

೨. ಅಹಮದಾಬಾದಿನ ಮಗ್ಗಗಳ ಕಥೆ

ಸಹಕಾರದಿಂದ ಎಷ್ಟು ಫಲ ಬರುವುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ಪ್ರಸಿದ್ಧ ದೃಷ್ಟಾಂತವುಂಟು. ಅಹಮದಾಬಾದಿನಲ್ಲಿ ಸಾರಾಭಾಯಿ ಮನೆತನದವರು ನಡೆಸುತ್ತಿದ್ದ ಕ್ಯಾಲಿಕೊ ಗಿರಣಿಯವರು ೧೯೫೨ರಲ್ಲಿ ತಮ್ಮ ಜುಬಿಲಿ ಗಿರಣಿಯಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ಹೂಡಿದರು. ಮಗ್ಗಗಳು ಹೊಸವು, ಉತ್ತಮವಾದವು. ಕೆಲಸದ ಲೆಕ್ಕಾಚಾರವನ್ನು ಎಂಜಿನಿಯರರು ಸೂಕ್ಷ್ಮವಾಗಿ ಮಾಡಿದ್ದರು. ಆದರೂ ನೇಯ್ಗೆಯು ನಿರೀಕ್ಷಿಸಿದಷ್ಟು ಏರಲಿಲ್ಲ. ಬಟ್ಟೆಯಲ್ಲಿ ಕುಂದುಗಳೂ ಕಡಿಮೆಯಾಗಲಿಲ್ಲ.

೧೯೫೩ರಲ್ಲಿ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯಿಂದ ಎ. ಕೆ. ರೈಸ್ ಎಂಬ ವಿದ್ವಾಂಸರು ಬಂದು ಆ ಮಗ್ಗದ ಮನೆಯನ್ನು ಪರಿಶೀಲಿಸಿದರು. ಅಲ್ಲಿ ೨೨೪ ಮಗ್ಗಗಳಿಗೆ ೨೯ ಮಂದಿ ಕೆಲಸಗಾರರು; ಅವರ ಕೆಲಸಗಳನ್ನು ೧೨ ಬಗೆಯಾಗಿ ಒಡೆದಿದ್ದರು. ನೇಯುವವನು ಒಬ್ಬ, ಕಂಡಿಕೆ ತುಂಬುವವನು ಇನ್ನೊಬ್ಬ, ಹರಿದ ಎಳೆಗಳನ್ನು ಕೂಡಿಸುವವನು ಮತ್ತೊಬ್ಬ. ಎಣ್ಣೆ ಹಾಕುವವನು, ಕಸ ಗುಡಿಸುವವನು, ಯಂತ್ರವನ್ನು ಸರಿಪಡಿಸುವವನು ಬೇರೆ ಬೇರೆ. ನೇಕಾರನ ಪಾಲಿಗೆ ೨೪ ಅಥವಾ ೩೨ ಮಗ್ಗಗಳಿದ್ದರೆ, ಕಂಡಿಕೆ ತುಂಬುವವನ ಪಾಲಿಗೆ ೪೦ ಅಥವಾ ೫೦ ಇದ್ದವು. ಎಳೆ ಕೂಡಿಸುವವನ ಪಾಲು ಅದಕ್ಕೂ ಹೆಚ್ಚು. ಆದಕಾರಣ ಯಾರೊಡನೆ ಯಾರು ಕೆಲಸ ಮಾಡುವರೆಂಬುದೇ ನಿಲುಗಡೆಗೆ ಬರುತ್ತಿರಲಿಲ್ಲ. ಒಬ್ಬ ನೇಕಾರನ ಮಗ್ಗದಲ್ಲಿ ಎಳೆ ಹರಿದಾಗ ಅದನ್ನು ಕೂಡಿಸತಕ್ಕವನು ಬೇರೊಬ್ಬನ ಮಗ್ಗದ ಬಳಿ ಇರುವನು. ಎಲ್ಲರೂ ಒಂದೇ ಮಾಡಿನ ಕೆಳಗೆ ದುಡಿಯುತ್ತಿದ್ದರು; ಕೂಡಿ ದುಡಿಯುವವರು ಒಬ್ಬರೂ ಇರಲಿಲ್ಲ.

ರೈಸರು ಒಂದು ಸೂಚನೆಯನ್ನು ಮುಂದಿಟ್ಟರು. ಒಂದು ಕಟ್ಟು ಮಗ್ಗಗಳನ್ನು ಒಂದು ಚಿಕ್ಕ ಗುಂಪಿಗೆ ಒಪ್ಪಿಸಿ, ಅವುಗಳ ಕೆಲಸವನ್ನೆಲ್ಲ ಆ ಗುಂಪೇ ಹಂಚಿಕೊಳ್ಳಲೆಂಬುದೇ ಆ ಸೂಚನೆ. ೬೪ ಮಗ್ಗಗಳಿಗೆ ೭ ಮಂದಿ ಎಂದಾಯಿತು. ಇಲ್ಲಿ ಗಮನಿಸತಕ್ಕ ಸಂಗತಿಯೇನೆಂದರೆ, ಈ ಸೂಚನೆಯನ್ನು ಕೇಳಿದ ಕೂಡಲೇ ಕೆಲಸಗಾರರು ಅದನ್ನು ತಮ್ಮದಾಗಿಯೇ ಮಾಡಿಕೊಂಡು, ಯಾರೊಡನೆ ಯಾರು ಸೇರಬೇಕೆಂಬುದನ್ನು ತಾವೇ ಪರಸ್ಪರ ಆರಿಸಿಕೊಂಡು ಮುಂದೆ ಬಂದರು. ಮೇಲಿನವರ ಅಪ್ಪಣೆಯಿಂದ ಕಟ್ಟಿದ ಗುಂಪುಗಳು ಅವಾಗಿರಲಿಲ್ಲ. ಕೆಲವು ವಾರಗಳಲ್ಲಿ ಮಗ್ಗಗಳ ಕಾರ್ಯಸಾಮರ್ಥ್ಯವು ನೂರಕ್ಕೆ ೮೦ರಿಂದ ೯೫ಕ್ಕೆ ಏರಿತು. ಕುಂದಿನ ಪ್ರಮಾಣವು ನೂರಕ್ಕೆ ೩೨ರಿಂದ ೨೦ಕ್ಕೆ ಇಳಿಯಿತು. ಮಗ್ಗಗಳು ಅವೇ, ನೂಲು ಅದೇ, ಕೈಗಳೂ ಅವೇ. ಬದಲಾದದ್ದು ತೀರ್ಮಾನ ಮಾಡುವ ಸ್ಥಳವೊಂದೇ.

ಈ ಕಥೆಗೆ ಉತ್ತರಾರ್ಧವೂ ಇದೆ. ೧೯೭೦ರಲ್ಲಿ ಎರಿಕ್ ಮಿಲ್ಲರ್ ಎಂಬವರು ಅದೇ ಗಿರಣಿಗೆ ಮರಳಿ ಹೋಗಿ ನೋಡಿದಾಗ ಒಂದು ಮಗ್ಗದ ಮನೆಯಲ್ಲಿ ಗುಂಪಿನ ಪದ್ಧತಿಯು ಇನ್ನೂ ಜೀವಂತವಾಗಿತ್ತು. ಉಳಿದ ಕಡೆಗಳಲ್ಲಿ ಅದು ಹೆಚ್ಚುಕಡಿಮೆಯಾಗಿ ಸವೆದು ಹಳೆಯ ರೀತಿಗೆ ಹಿಂದಿರುಗಿತ್ತು. ಇಂದು ಆ ಗಿರಣಿಯೇ ಇಲ್ಲ. ಒಮ್ಮೆ ಹುಟ್ಟಿದ ಸಹಕಾರವು ತನ್ನಷ್ಟಕ್ಕೆ ಬಾಳುವುದಿಲ್ಲ. ದಿನದಿನವೂ ಅದಕ್ಕೆ ನೀರೆರೆಯಬೇಕೆಂಬುದು ಇದರಿಂದ ತಿಳಿಯುವುದು. ಹಾಗಾದರೆ ಅದನ್ನು ಒಣಗಿಸುವ ಸಂಗತಿಗಳು ಯಾವುವು?

೩. ಒಪ್ಪಿಗೆಯ ವೇಷದಲ್ಲಿ ಬರುವ ಮೌನ

ಮೊದಲನೆಯದು ಸುಳ್ಳು ಒಪ್ಪಿಗೆ. ‘ಮೌನಂ ಸಮ್ಮತಿಲಕ್ಷಣಂ’ ಎಂದು ನಾವು ಹೇಳುವುದುಂಟು. ಇದು ಎಷ್ಟರ ಮಟ್ಟಿಗೆ ನಿಜ?

ಅಮೆರಿಕದ ಸಾಲೊಮನ್ ಆಷ್ ಎಂಬ ಮನಶ್ಶಾಸ್ತ್ರಜ್ಞರು ೧೯೫೦ರ ಸುಮಾರಿನಲ್ಲಿ ಒಂದು ಪರೀಕ್ಷೆಯನ್ನು ನಡೆಸಿದರು. ಏಳೆಂಟು ಮಂದಿ ಕಾಲೇಜು ತರುಣರನ್ನು ಕೂಡ್ರಿಸಿ, ಒಂದು ಗೆರೆಯನ್ನು ತೋರಿಸಿ, ಬೇರೆ ಮೂರು ಗೆರೆಗಳಲ್ಲಿ ಯಾವುದು ಅದಕ್ಕೆ ಸಮನಾಗಿದೆಯೆಂದು ಒಬ್ಬೊಬ್ಬರನ್ನಾಗಿ ಕೇಳಿದರು. ಉತ್ತರವು ಮಗುವಿಗೂ ತಿಳಿಯುವಂಥದು. ಆದರೆ ಆ ಗುಂಪಿನಲ್ಲಿ ಒಬ್ಬನ ಹೊರತು ಉಳಿದವರೆಲ್ಲರೂ ಮೊದಲೇ ಕಲಿಸಿಟ್ಟಂತೆ ಒಂದೇ ತಪ್ಪು ಉತ್ತರವನ್ನು ಹೇಳುತ್ತಿದ್ದರು. ಏನೂ ಅರಿಯದ ಆ ಒಬ್ಬನ ಸರದಿ ಕೊನೆಗೆ ಬರುತ್ತಿತ್ತು. ಒಂಟಿಯಾಗಿ ಕೇಳಿದರೆ ನೂರರಲ್ಲಿ ಒಂದು ಸಲವೂ ತಪ್ಪದವರು, ಹೀಗೆ ಗುಂಪಿನಲ್ಲಿ ಕುಳಿತಾಗ ಮೂರರಲ್ಲಿ ಒಂದಕ್ಕಿಂತಲೂ ತುಸು ಹೆಚ್ಚು ಸಲ ಗುಂಪಿನ ತಪ್ಪನ್ನೇ ಹೇಳಿದರು. ನಾಲ್ವರಲ್ಲಿ ಒಬ್ಬರು ಮಾತ್ರ ಒಮ್ಮೆಯೂ ಬಾಗದೆ ನಿಂತರು.

ಇದಕ್ಕಿಂತಲೂ ಹೆಚ್ಚಿನ ಪಾಠವು ಪರೀಕ್ಷೆಯ ಇನ್ನೊಂದು ಭಾಗದಲ್ಲಿದೆ. ಗುಂಪಿನಲ್ಲಿ ಬೇರೆ ಒಬ್ಬನು ನಿಜವನ್ನು ಹೇಳುವಂತೆ ಏರ್ಪಡಿಸಿದಾಗ ಆ ತಪ್ಪುಗಳು ಕಾಲು ಭಾಗಕ್ಕೆ ಇಳಿದವು. ಆರು ಮಂದಿಯ ಎದುರಿಗೆ ಒಂದೇ ಒಂದು ಸ್ವರವು ಇನ್ನೊಬ್ಬನ ನಾಲಗೆಯನ್ನು ಬಿಡಿಸಿತು! ಸಭೆಯಲ್ಲಿ ಎದ್ದು ‘ನನಗೆ ಹಾಗೆ ತೋರುವುದಿಲ್ಲ’ ಎಂದು ವಿನಯದಿಂದ ಹೇಳುವವಳು ತನ್ನೊಬ್ಬಳ ಪರವಾಗಿ ಮಾತ್ರ ಮಾತನಾಡುವುದಿಲ್ಲ. ಮೂಲೆಯಲ್ಲಿ ಅದೇ ಸಂಶಯವನ್ನು ಹೊತ್ತು ಕುಳಿತ ಇನ್ನೊಬ್ಬಳಿಗೂ ಆಕೆ ಬಾಯಿ ಕೊಡುವಳು.

ಎರಡನೆಯದು ಅತಿ ನಂಬಿಕೆ. ನಂಬಿಕೆಯಿಲ್ಲದೆ ಕೂಟವಿಲ್ಲವೆಂಬುದು ಸರಿ. ಆದರೆ ಕ್ಲಾಸ್ ಲ್ಯಾಂಗ್‌ಫ್ರೆಡ್ ಎಂಬ ಸಂಶೋಧಕರು ವ್ಯಾಪಾರಶಾಸ್ತ್ರದ ವಿದ್ಯಾರ್ಥಿಗಳ ೭೧ ಸ್ವಯಂ ಆಡಳಿತದ ತಂಡಗಳನ್ನು ಪರೀಕ್ಷಿಸಿ ೨೦೦೪ರಲ್ಲಿ ಪ್ರಕಟಿಸಿದ ಸಂಗತಿಯು ವಿಚಾರ ಮಾಡತಕ್ಕದ್ದು. ಪರಸ್ಪರ ನಂಬಿಕೆಯು ಬಹಳವಾಗಿದ್ದು, ಅದರ ಜೊತೆಗೆ ಪ್ರತಿಯೊಬ್ಬರೂ ತಮ್ಮ ತಮ್ಮ ಪಾಲಿನ ಕೆಲಸವನ್ನು ತಮ್ಮಿಷ್ಟದಂತೆ ಮಾಡಿಕೊಳ್ಳುವ ತಂಡಗಳಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡುವ ರೂಢಿಯೇ ತಪ್ಪಿಹೋಗಿ ಫಲವು ಕುಗ್ಗಿತು. ಅತಿಯಾದರೆ ಅಮೃತವೂ ವಿಷವೆಂಬುದು ಸುಳ್ಳಲ್ಲ. ಸಂಘದ ಲೆಕ್ಕದ ಪುಸ್ತಕವನ್ನು ‘ಅಕ್ಕನ ಕೈಯಲ್ಲಿದೆ, ನಮಗೇಕೆ?’ ಎಂದು ವರ್ಷಗಟ್ಟಲೆ ತೆರೆಯದೆ ಬಿಡುವುದು ನಂಬಿಕೆಯಲ್ಲ, ಉದಾಸೀನ. ಅದರಿಂದ ಆ ಅಕ್ಕನಿಗೂ ಕೇಡೇ. ನಾಳೆ ಒಂದು ಕೂಡಿಕೆ ತಪ್ಪಿದರೆ ಆಕೆಯ ಪರವಾಗಿ ಸಾಕ್ಷಿ ಹೇಳುವವರು ಒಬ್ಬರೂ ಇರುವುದಿಲ್ಲ.

ಮೂರನೆಯದು ಗುಂಪಿನ ದಬ್ಬಾಳಿಕೆ. ಒಡೆಯನು ಹೋದ ಮಾತ್ರಕ್ಕೆ ಒಡೆತನವು ಹೋಗುವುದಿಲ್ಲ. ಜೇಮ್ಸ್ ಬಾರ್ಕರ್ ಎಂಬವರು ಅಮೆರಿಕದ ಒಂದು ಚಿಕ್ಕ ಕಾರ್ಖಾನೆಯ ತಂಡಗಳನ್ನು ಹತ್ತಿರದಿಂದ ನೋಡಿ ೧೯೯೩ರಲ್ಲಿ ಬರೆದರು. ಅಲ್ಲಿ ಮೇಲ್ವಿಚಾರಕರನ್ನು ತೆಗೆದು ಕೆಲಸಗಾರರಿಗೇ ಅಧಿಕಾರ ಕೊಟ್ಟಿದ್ದರು. ಮೊದಲು ಪ್ರೀತಿಯಿಂದ ಒಪ್ಪಿಕೊಂಡ ಮಾತುಗಳು ಕ್ರಮೇಣ ಕಟ್ಟುನಿಟ್ಟಿನ ನಿಯಮಗಳಾಗಿ ಗಟ್ಟಿಯಾದವು. ಹಿಂದೆ ಒಬ್ಬ ಮೇಸ್ತ್ರಿಯ ಎರಡು ಕಣ್ಣುಗಳಿದ್ದ ಕಡೆ ಈಗ ಎಲ್ಲರ ಕಣ್ಣುಗಳೂ ಕಾವಲಾದವು. ಮಗುವಿಗೆ ಜ್ವರವೆಂದು ತಡವಾಗಿ ಬಂದವಳ ಕಷ್ಟವನ್ನು ಒಬ್ಬ ಮೇಸ್ತ್ರಿಯು ತಿಳಿದುಕೊಂಡಾನು. ಹತ್ತು ಮಂದಿ ಸರೀಕರು ಕೂಡಿ ಮಾಡಿದ ನಿಯಮಕ್ಕೆ ಕರುಣೆ ಬರುವುದು ಕಷ್ಟ. ಸಾಲದ ಕಂತು ತಪ್ಪಿದ ಸದಸ್ಯೆಯ ಮನೆಯ ಮುಂದೆ ಸಂಘದವರೆಲ್ಲರೂ ಹೋಗಿ ನಿಲ್ಲುವುದನ್ನು ನಮ್ಮ ಊರುಗಳಲ್ಲಿ ಕಂಡವರು ಈ ಮಾತಿನ ಸತ್ಯವನ್ನು ಬಲ್ಲರು. ಇಂಥ ಹೊತ್ತಿನಲ್ಲಿ ‘ಈ ನಿಯಮವನ್ನು ನಾವೇ ಮಾಡಿದೆವಷ್ಟೆ, ಮತ್ತೊಮ್ಮೆ ನೋಡೋಣ’ ಎನ್ನುವ ಒಂದು ಸ್ವರವು ಬೇಕು.

೪. ಭಿನ್ನಾಭಿಪ್ರಾಯಗಳಲ್ಲಿ ಎರಡು ಬಗೆ

ಹಾಗಾದರೆ ಎದುರು ಮಾತೆಲ್ಲವೂ ಒಳ್ಳೆಯದೋ? ಅಲ್ಲ. ಕ್ಯಾರೆನ್ ಜೆನ್ ಎಂಬ ವಿದುಷಿಯು ೧೯೯೫ರಲ್ಲಿ ಪ್ರಕಟಿಸಿದ ತಮ್ಮ ಸಂಶೋಧನೆಯಲ್ಲಿ ಇದನ್ನು ಎರಡಾಗಿ ವಿಂಗಡಿಸಿದರು. ಒಂದು, ಕೆಲಸದ ವಿಷಯವಾದ ಭಿನ್ನಾಭಿಪ್ರಾಯ: ‘ಈ ದಾರಿಯಲ್ಲ, ಆ ದಾರಿ ಮೇಲು’ ಎಂಬುದು. ಇನ್ನೊಂದು, ವ್ಯಕ್ತಿಯ ವಿಷಯವಾದ ಮನಸ್ತಾಪ: ‘ಆಕೆ ಹೇಳಿದಳೆಂದೇ ಅದು ಬೇಡ’ ಎಂಬುದು. ಎರಡನೆಯದು ಎಲ್ಲಿ ಹೊಕ್ಕರೂ ಕೆಡಿಸುವುದೆಂಬುದರಲ್ಲಿ ಸಂಶೋಧಕರಿಗೆ ಹೆಚ್ಚು ವಾದವಿಲ್ಲ. ಮೊದಲನೆಯದರ ವಿಷಯದಲ್ಲಿ ಮಾತ್ರ ಬಹಳ ಕಾಲ ಚರ್ಚೆ ನಡೆಯಿತು. ೨೦೦೩ರಲ್ಲಿ ಡಿ ಡ್ರೂ ಮತ್ತು ವೈನ್‌ಗಾರ್ಟ್ ಎಂಬವರು ಅದುವರೆಗಿನ ಶೋಧನೆಗಳನ್ನು ಒಟ್ಟುಗೂಡಿಸಿ, ಕೆಲಸದ ವಿಷಯವಾದ ವಾದವೂ ತಂಡಕ್ಕೆ ಹಾನಿಕರವೆಂದು ಹೇಳಿದರು. ೨೦೧೨ರಲ್ಲಿ ೧೧೬ ಶೋಧನೆಗಳನ್ನು ಕೂಡಿಸಿ ನೋಡಿದವರು ಈ ತೀರ್ಪನ್ನು ತಿದ್ದಿದರು. ಕೆಲಸದ ವಾದವು ಎಲ್ಲ ಕಡೆಯಲ್ಲಿಯೂ ಹಾನಿ ಮಾಡುವುದಿಲ್ಲ. ಅದು ವ್ಯಕ್ತಿದ್ವೇಷದೊಡನೆ ಹೆಣೆದುಕೊಳ್ಳದಿರುವ ಕಡೆ ಅದರ ಫಲವು ಮೇಲಾಗಿರುತ್ತದೆ.

ತಾಯಂದಿರೇ, ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಅಕ್ಕಿಯನ್ನು ಚೆಲ್ಲುವವರುಂಟೇ? ಆದರೆ ನಾವು ಸಭೆಗಳಲ್ಲಿ ಹಾಗೆಯೇ ಮಾಡುವೆವು. ಮನಸ್ತಾಪಕ್ಕೆ ಹೆದರಿ ವಾದವನ್ನೇ ನಿಲ್ಲಿಸುವೆವು. ನಿಲ್ಲಿಸಿದ ವಾದವು ಸಾಯುವುದಿಲ್ಲ. ಸಭೆ ಮುಗಿದ ಮೇಲೆ ನಲ್ಲಿಯ ಬಳಿ, ಬಸ್ಸಿನಲ್ಲಿ, ಮದುವೆಯ ಚಪ್ಪರದಲ್ಲಿ ಅದು ಬೇರೊಂದು ರೂಪದಲ್ಲಿ ಏಳುವುದು. ಸಭೆಯಲ್ಲಿ ‘ಈ ಲೆಕ್ಕ ಸರಿಯೇ?’ ಎಂದು ಕೇಳಬಹುದಾಗಿದ್ದ ಮಾತು ಹೊರಗೆ ‘ಆಕೆ ಸರಿಯೇ?’ ಎಂಬ ಮಾತಾಗುವುದು. ಹೀಗೆ ಕೆಲಸದ ವಾದವನ್ನು ಅದುಮಿದ್ದರಿಂದಲೇ ವ್ಯಕ್ತಿಯ ವಾದವು ಹುಟ್ಟುವುದುಂಟು.

ಲ್ಯಾಂಗ್‌ಫ್ರೆಡ್ಡರು ೨೦೦೭ರಲ್ಲಿ ಮತ್ತೊಂದು ಸಂಗತಿಯನ್ನು ತೋರಿಸಿಕೊಟ್ಟರು. ಮನಸ್ತಾಪದಿಂದ ನಂಬಿಕೆಯು ಕುಗ್ಗಿದ ತಂಡಗಳು ತಮ್ಮ ಕೆಲಸದ ಏರ್ಪಾಡನ್ನೇ ಬದಲಾಯಿಸಿಕೊಳ್ಳುವವು: ಒಬ್ಬರಿಗೊಬ್ಬರು ಸ್ವಾತಂತ್ರ್ಯವನ್ನು ಕಡಿಮೆ ಮಾಡುವರು, ಕೂಡಿ ಮಾಡುವ ಕೆಲಸವನ್ನು ಒಡೆದು ಬೇರೆ ಬೇರೆಯಾಗಿ ಹಂಚಿಕೊಳ್ಳುವರು. ಹೊರಗಿನವರಿಗೆ ಇದು ಶಾಂತಿಯಂತೆ ಕಾಣುವುದು. ನಿಜವಾಗಿ ಆ ಕೂಟವು ಒಳಗಿನಿಂದ ಚೂರುಚೂರಾಗಿರುತ್ತದೆ. ರೈಸರು ಬರುವುದಕ್ಕೆ ಮುಂಚಿನ ಮಗ್ಗದ ಮನೆಯಂತೆ ಒಂದೇ ಮಾಡಿನ ಕೆಳಗೆ ಬೇರೆ ಬೇರೆ ದುಡಿಮೆ ನಡೆಯುವುದು.

೫. ಮೇರಿ ಪಾರ್ಕರ್ ಫಾಲೆಟ್ಟರ ಉಪದೇಶ

ಭಿನ್ನಾಭಿಪ್ರಾಯವನ್ನು ಕೆಲಸಕ್ಕೆ ಹಚ್ಚುವುದು ಹೇಗೆಂಬುದನ್ನು ಬಹು ಹಿಂದೆಯೇ ತಿಳಿಯಹೇಳಿದವರು ಒಬ್ಬ ಮಹಿಳೆ. ಮೇರಿ ಪಾರ್ಕರ್ ಫಾಲೆಟ್ಟರು ೧೮೬೮ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಹುಟ್ಟಿ ೧೯೩೩ರಲ್ಲಿ ತೀರಿಕೊಂಡರು. ಬಾಸ್ಟನ್ ನಗರದಲ್ಲಿ ಶಾಲಾ ಕಟ್ಟಡಗಳನ್ನು ಸಂಜೆಯ ವೇಳೆ ನೆರೆಹೊರೆಯವರ ಕೂಟಗಳಿಗೆ ತೆರೆಯಿಸಲು ಶ್ರಮಿಸಿದ ಅವರು, ಅಂಥ ಕೂಟಗಳಲ್ಲಿ ಕಂಡದ್ದನ್ನು ಮುಂದೆ ವ್ಯಾಪಾರ ಉದ್ಯೋಗಗಳ ಮುಖಂಡರಿಗೆ ಬೋಧಿಸಿದರು.

೧೯೨೫ರಲ್ಲಿ ನ್ಯೂಯಾರ್ಕಿನಲ್ಲಿ ಮಾಡಿದ ಉಪನ್ಯಾಸದಲ್ಲಿ ಅವರು ಹೇಳಿದ್ದರ ಸಾರಾಂಶವಿದು. ಭಿನ್ನಾಭಿಪ್ರಾಯವು ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅದು ಇರುವ ಸಂಗತಿ. ತಂತಿಯ ಮೇಲೆ ಕಮಾನು ಉಜ್ಜದಿದ್ದರೆ ಪಿಟೀಲು ನುಡಿಯುವುದೇ? ಹಾಗೆಯೇ ಈ ತಿಕ್ಕಾಟವನ್ನೂ ಉಪಯೋಗಿಸಿಕೊಳ್ಳಬಹುದು. ಅದನ್ನು ತೀರಿಸಲು ಮೂರು ಮಾರ್ಗಗಳುಂಟು. ಮೊದಲನೆಯದು ಅದುಮುವುದು, ಇದರಲ್ಲಿ ಒಬ್ಬರು ಗೆಲ್ಲುವರು, ಸೋತವರು ಸಮಯ ಕಾಯುವರು. ಎರಡನೆಯದು ಕೊಟ್ಟು ತೆಗೆದುಕೊಳ್ಳುವ ರಾಜಿ; ಇದರಲ್ಲಿ ಇಬ್ಬರೂ ಅರ್ಧರ್ಧ ಬಿಟ್ಟುಕೊಟ್ಟು ಇಬ್ಬರೂ ಅರೆಮನಸ್ಸಿನಿಂದ ಏಳುವರು. ಮೂರನೆಯದು ಸಮನ್ವಯ; ಇಬ್ಬರ ನಿಜವಾದ ಅಪೇಕ್ಷೆಯೂ ಈಡೇರುವ ಹೊಸ ದಾರಿಯನ್ನು ಹುಡುಕುವುದು.

ಅವರು ಕೊಟ್ಟ ಒಂದು ದೃಷ್ಟಾಂತವು ಹಾಲಿನ ಸಹಕಾರ ಸಂಘಗಳು ತುಂಬಿರುವ ನಮ್ಮ ನಾಡಿಗೆ ಚೆನ್ನಾಗಿ ಒಪ್ಪುತ್ತದೆ. ಹಾಲು ಮಾರುವ ರೈತರ ಸಹಕಾರ ಸಂಘವೊಂದರಲ್ಲಿ ಡೇರಿಯ ಕಟ್ಟೆಯ ಬಳಿ ಯಾರ ಗಾಡಿಯಿಂದ ಮೊದಲು ಹಾಲಿನ ಕ್ಯಾನುಗಳನ್ನು ಇಳಿಸಬೇಕೆಂಬ ಜಗಳವು ಹುಟ್ಟಿ ಸಂಘವೇ ಒಡೆಯುವ ಹಾಗಾಯಿತು. ಗುಡ್ಡದ ಮೇಲಿನಿಂದ ಇಳಿದು ಬರುವವರು ‘ನಾವು ಮೊದಲು’ ಎಂದರು. ಕೆಳಗಿನಿಂದ ಹತ್ತಿ ಬರುವವರು ‘ನಾವು ಮೊದಲು’ ಎಂದರು. ಎಲ್ಲರ ಲಕ್ಷ್ಯವೂ ಈ ಎರಡೇ ಮಾತುಗಳಲ್ಲಿ ಸಿಕ್ಕಿಕೊಂಡಿತ್ತು. ಕೊನೆಗೆ ಹೊರಗಿನವರೊಬ್ಬರು ಕಟ್ಟೆಯ ಸ್ಥಾನವನ್ನೇ ಬದಲಾಯಿಸಿದರೆ ಎರಡು ಕಡೆಯವರೂ ಒಂದೇ ವೇಳೆಯಲ್ಲಿ ಇಳಿಸಬಹುದಲ್ಲವೇ ಎಂದು ಸೂಚಿಸಿದರು. ಜಗಳವು ತೀರಿತು. ಯಾರೂ ಸೋಲಲಿಲ್ಲ, ಯಾರೂ ಅರ್ಧ ಬಿಟ್ಟುಕೊಡಲಿಲ್ಲ. ‘ಯಾರು ಮೊದಲು?’ ಎಂಬ ಪ್ರಶ್ನೆಯ ಹಿಂದೆ ‘ತಡವಾಗಬಾರದು’ ಎಂಬ ಒಂದೇ ಅಪೇಕ್ಷೆಯು ಎರಡು ಕಡೆಯಲ್ಲಿಯೂ ಇದ್ದಿತು. ಎರಡು ಕಡೆಯವರೂ ತಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳದೆ ಹೋಗಿದ್ದರೆ ಅಂಥ ದಾರಿಯು ಯಾರಿಗೂ ಹೊಳೆಯುತ್ತಿರಲಿಲ್ಲ.

೬. ನಮ್ಮ ನಾಡಿನ ಸಂಘಗಳು

ಇನ್ನು ನಮ್ಮ ಕರ್ನಾಟಕಕ್ಕೆ ಬರೋಣ. ೧೯೦೫ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಿಂದ ಕೃಷಿ ಪತ್ತಿನ ಸಹಕಾರ ಸಂಘವು ಸ್ಥಾಪಿತವಾದಂದಿನಿಂದ ಕೂಡಿ ಬಾಳುವ ಪಾಠವು ನಮ್ಮಲ್ಲಿ ನಡೆದುಬಂದಿದೆ. ಅದರ ಒಂದು ಮುಖ್ಯವಾದ ಅಧ್ಯಾಯವು ೧೯೮೪-೮೫ರಲ್ಲಿ ಬರೆಯಲ್ಪಟ್ಟಿತು. ಮೈರಾಡ ಎಂಬ ಸೇವಾಸಂಸ್ಥೆಯು ಬೆಳೆಸಿದ್ದ ದೊಡ್ಡ ಸಹಕಾರ ಸಂಘಗಳಲ್ಲಿ ಕೆಲವು ಆಗ ಒಡೆದುಹೋದವು. ಒಂದೊಂದರಲ್ಲಿ ನೂರಕ್ಕೂ ಮಿಕ್ಕ ಸದಸ್ಯರು. ಅಧಿಕಾರವು ಕೆಲವರ ಕೈಯಲ್ಲಿ. ಮುಖಂಡರಲ್ಲಿ ಸದಸ್ಯರಿಗೆ ವಿಶ್ವಾಸವಿಲ್ಲ. ಇಂಥ ಕಡೆ ಬಡ ಸದಸ್ಯನು ಎದ್ದು ಮಾತನಾಡುವುದೆಂತು? ಆದರೆ ಒಡೆದ ಸಂಘಗಳ ಜನರು ಚದರಿಹೋಗಲಿಲ್ಲ. ಒಬ್ಬರನ್ನೊಬ್ಬರು ಬಲ್ಲವರು, ನಂಬತಕ್ಕವರು ಚಿಕ್ಕ ಚಿಕ್ಕ ಗುಂಪುಗಳಾಗಿ ಸೇರಿ, ತೆಗೆದುಕೊಂಡ ಸಾಲವನ್ನು ತೀರಿಸಲು ತಾವಾಗಿ ಮುಂದೆ ಬಂದರು. ಅಹಮದಾಬಾದಿನ ನೇಕಾರರು ಮಾಡಿದ್ದನ್ನೇ ಇವರೂ ಮಾಡಿದರು: ತಮ್ಮ ಸಂಗಡಿಗರನ್ನು ತಾವೇ ಆರಿಸಿಕೊಂಡರು. ಎರಡು ಮೂರು ವರ್ಷಗಳಲ್ಲಿ ಇಂಥ ಗುಂಪುಗಳು ಸುಮಾರು ೩೦೦ ಆದವು. ೧೯೮೭ರಲ್ಲಿ ನಬಾರ್ಡ್ ಬ್ಯಾಂಕು ಈ ಪ್ರಯತ್ನಕ್ಕೆ ಹತ್ತು ಲಕ್ಷ ರೂಪಾಯಿಗಳ ಸಹಾಯ ಕೊಟ್ಟಿತು. ೧೯೯೨ರಲ್ಲಿ ಮೊದಲು ೫೦೦ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಯೋಜನೆಯು ದೇಶಮಟ್ಟದಲ್ಲಿ ಪ್ರಾರಂಭವಾಯಿತು. ಇಂದು ಊರೂರಿನಲ್ಲಿ ಕಾಣುವ, ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಮಂದಿಯ ಸ್ವಸಹಾಯ ಸಂಘಗಳಿಗೆ ಇದೇ ಒಂದು ಮುಖ್ಯ ಮೂಲವು.

ಈಗ ಅಂಥ ಸಂಘವೊಂದರ ಸಭೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಹದಿನೈದು ಮಂದಿ ಕೂತಿರುವರು. ಬ್ಯಾಂಕಿನಿಂದ ಸಾಲ ತೆಗೆದು ಬಟ್ಟೆಯನ್ನೂ ಹೊಲಿಗೆ ಯಂತ್ರಗಳನ್ನೂ ಕೊಂಡು ಶಾಲೆಗಳಿಗೆ ಸಮವಸ್ತ್ರ ಹೊಲಿದುಕೊಡಬೇಕೆಂದು ಅಧ್ಯಕ್ಷೆಯು ಉತ್ಸಾಹದಿಂದ ಹೇಳುವಳು. ಎಲ್ಲರೂ ತಲೆದೂಗುವರು. ಆಕೆಯ ಓರಗಿತ್ತಿಯೊಬ್ಬಳಿಗೆ ಮಾತ್ರ ಸಂಶಯ. ಮನೆಯ ಹಿರಿಯಳ ಎದುರಿಗೆ ಮಾತನಾಡುವುದು ಹೇಗೆ? ಕೊನೆಗೆ ಧೈರ್ಯ ಮಾಡಿ ಆಕೆ ಹೇಳುವಳು:

‘ಅಕ್ಕಾ, ಒಂದು ಮಾತು ಹೇಳಲೇ? ನನ್ನ ತವರೂರಿನ ಸಂಘದವರು ಹೊಲಿದುಕೊಟ್ಟ ಬಟ್ಟೆಯ ಹಣ ಆರು ತಿಂಗಳಾದರೂ ಬರಲಿಲ್ಲವಂತೆ. ಕಂತು ಕಟ್ಟಲಿಕ್ಕೆ ಅವರು ಬಹಳ ಪಾಡುಪಟ್ಟರು.’

ಇಲ್ಲಿ ಸಂಘದ ಮುಂದೆ ಎರಡು ದಾರಿಗಳಿವೆ. ‘ನೀನು ಯಾವಾಗಲೂ ಅಡ್ಡಮಾತನ್ನೇ ಆಡುತ್ತೀ’ ಎಂದರೆ ವಾದವು ಕೆಲಸವನ್ನು ಬಿಟ್ಟು ಆಳಿನ ಮೇಲೆ ಬಿದ್ದಂತಾಯಿತು. ಆಕೆ ಇನ್ನು ಮುಂದೆ ಆ ಸಭೆಯಲ್ಲಿ ಬಾಯಿ ತೆರೆಯಳು. ಅದರ ಬದಲು ‘ಹೌದೇನವ್ವಾ? ಹಣ ಯಾಕೆ ತಡವಾಯಿತು? ಬಿಡಿಸಿ ಹೇಳು’ ಎಂದರೆ ಎಲ್ಲರೂ ಸಂಗತಿಯ ಸುತ್ತ ಕೂಡುವರು. ಅಧ್ಯಕ್ಷೆಯ ನಿಜವಾದ ಅಪೇಕ್ಷೆಯು ಸದಸ್ಯೆಯರಿಗೆ ಆದಾಯ ಬರಬೇಕೆಂಬುದು. ಓರಗಿತ್ತಿಯ ನಿಜವಾದ ಭಯವು ಸಾಲದ ಹಣ ಸಿಕ್ಕಿಬೀಳುವುದೆಂಬುದು. ಇಷ್ಟು ತಿಳಿದ ಮೇಲೆ ‘ಬಟ್ಟೆ ಶಾಲೆಯವರದಾಗಲಿ, ಹೊಲಿಗೆ ಮಾತ್ರ ನಮ್ಮದು, ಮೊದಲ ವರ್ಷ ನಮ್ಮ ನಮ್ಮ ಮನೆಯ ಯಂತ್ರಗಳಲ್ಲಿಯೇ ಹೊಲಿಯೋಣ’ ಎಂಬ ಮೂರನೆಯ ದಾರಿಯು ಯಾರಿಗಾದರೂ ಹೊಳೆಯಬಹುದು. ಹಾಲಿನ ಕಟ್ಟೆಯನ್ನು ಬದಲಾಯಿಸಿದ್ದೂ ಇಂಥದೇ ಕೆಲಸವು.

೭. ಅನುಸರಿಸತಕ್ಕ ಕೆಲವು ಕ್ರಮಗಳು

ಮೇಲ್ಕಂಡ ಸಂಗತಿಗಳಿಂದ ನಮ್ಮ ಕೂಟಗಳಿಗೆ ಉಪಯುಕ್ತವಾದ ಐದು ಕ್ರಮಗಳನ್ನು ತೆಗೆಯಬಹುದು.

ಒಂದನೆಯದು: ಕಿರಿಯರಿಂದ ಆರಂಭಿಸಿ ಮಾತು ಕೇಳಿರಿ. ಹಿರಿಯರು ಅಥವಾ ಅಧ್ಯಕ್ಷರು ಮೊದಲೇ ತಮ್ಮ ಅಭಿಪ್ರಾಯವನ್ನು ಹೇಳಿಬಿಟ್ಟರೆ ಉಳಿದವರು ಆಷರ ಗೆರೆಗಳ ಮುಂದೆ ಕುಳಿತ ತರುಣನಂತಾಗುವರು.

ಎರಡನೆಯದು: ‘ಯಾರಿಗಾದರೂ ಆಕ್ಷೇಪಣೆಯುಂಟೇ?’ ಎಂದು ಕೇಳಿ ಕೂಡಲೇ ಮುಂದೆ ಹೋಗದೆ, ‘ಇದರಲ್ಲಿ ಕೆಡಬಹುದಾದದ್ದು ಏನು?’ ಎಂದು ಒಬ್ಬೊಬ್ಬರನ್ನೂ ಕೇಳಿರಿ. ಮೊದಲನೆಯ ಪ್ರಶ್ನೆಗೆ ಉತ್ತರ ಕೊಡಲು ಧೈರ್ಯ ಬೇಕು. ಎರಡನೆಯದಕ್ಕೆ ವಿಚಾರವೊಂದೇ ಸಾಕು.

ಮೂರನೆಯದು: ಮಾತು ಕೆಲಸದ ಮೇಲಿರಲಿ. ‘ನೀನು’ ಎಂದು ಪ್ರಾರಂಭವಾಗುವ ಆಕ್ಷೇಪಣೆಯನ್ನು ‘ಈ ಯೋಜನೆಯಲ್ಲಿ’ ಎಂದು ತಿರುಗಿಸಿ ಹೇಳುವ ಅಭ್ಯಾಸವನ್ನು ಮಾಡಿಕೊಳ್ಳಿರಿ. ಮಾತು ಬಲ್ಲವನಿಗೆ ಜಗಳವಿಲ್ಲವೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನಾಲ್ಕನೆಯದು: ಲೆಕ್ಕವನ್ನು ಎಲ್ಲರ ಎದುರಿಗೆ ಓದಿರಿ, ಬರೆಯುವ ಕೆಲಸವು ಸರದಿಯಂತೆ ಕೈ ಬದಲಾಗಲಿ. ನಂಬಿದವರ ಲೆಕ್ಕವನ್ನು ನೋಡುವುದು ಅವರಿಗೆ ಮಾಡುವ ಅವಮಾನವಲ್ಲ, ಅವರಿಗೆ ಕೊಡುವ ರಕ್ಷಣೆಯು.

ಐದನೆಯದು: ತೀರ್ಮಾನವಾದ ಮೇಲೆ ಎಲ್ಲರೂ ಅದಕ್ಕೆ ಹೆಗಲು ಕೊಡತಕ್ಕದ್ದು, ಆದರೆ ಅದನ್ನು ಮತ್ತೆ ಪರಿಶೀಲಿಸುವ ದಿನವನ್ನೂ ಆಗಲೇ ಗೊತ್ತು ಮಾಡಿರಿ. ಬೇಡವೆಂದವಳು ಅಂದಿನವರೆಗೆ ಮನಸ್ಸಿಟ್ಟು ದುಡಿಯುವಳು. ಬೇಕೆಂದವರು ಅಂದು ಆಕೆಯ ಮಾತನ್ನು ಕೇಳುವರು. ನಾವೇ ಮಾಡಿದ ನಿಯಮವು ನಮ್ಮ ಕುತ್ತಿಗೆಗೆ ಉರುಲಾಗದಂತೆ ಕಾಪಾಡುವುದೂ ಈ ಕ್ರಮವೇ.

ಉಪಸಂಹಾರ

ಒಗ್ಗಟ್ಟಿನಲ್ಲಿ ಬಲವಿದೆಯೆಂಬುದು ನಿಶ್ಚಯ. ಆದರೆ ಒಗ್ಗಟ್ಟೆಂದರೆ ಎಲ್ಲರೂ ಒಂದೇ ಮಾತನ್ನು ಆಡುವುದಲ್ಲ. ಬಟ್ಟೆಯಲ್ಲಿ ಹಾಸು ಒಂದು ಕಡೆಗೆ, ಹೊಕ್ಕು ಇನ್ನೊಂದು ಕಡೆಗೆ ಓಡುವುದು; ಎರಡೂ ಒಂದೇ ಕಡೆಗೆ ಓಡಿದರೆ ನೂಲು ರಾಶಿಯಾಗುವುದೇ ಹೊರತು ಬಟ್ಟೆಯಾಗದು. ಅಡ್ಡವಾಗಿ ಬಂದ ಎಳೆಯನ್ನು ಹರಿಯದೆ, ಬಿಗಿಯಾಗಿ, ಹದವಾಗಿ ಕೂಡಿಸುವುದೇ ನೇಯ್ಗೆಯು. ಒಡೆಯನಿರುವ ಕಡೆ ಮೌನಿಯು ತಪ್ಪಿಸಿಕೊಳ್ಳಬಹುದು. ತೀರ್ಮಾನ ಒಡೆಯನದು, ಹೊಣೆಯೂ ಅವನದು. ಒಡೆಯನಿಲ್ಲದ ಕೂಟದಲ್ಲಿ ಹಾಗಲ್ಲ. ಅಲ್ಲಿ ಹೇಳದೆ ಉಳಿದ ಮಾತಿನ ಸಾಲವನ್ನು ಎಲ್ಲರೂ ಬಡ್ಡಿಸಹಿತ ತೀರಿಸಬೇಕಾಗುವುದು.

ಈ ಶಾಲೆಯಲ್ಲಿ ಕಲಿತು ಹೊರಗೆ ಹೋದ ಸಹೋದರಿಯರೇ, ನಮ್ಮ ತರಗತಿಗಳಲ್ಲಿ ನಿಮಗೆ ವಿಧೇಯತೆಯನ್ನು ಕಲಿಸಿದೆವು, ಅದಕ್ಕಾಗಿ ಪಶ್ಚಾತ್ತಾಪವಿಲ್ಲ. ಆದರೆ ವಿನಯದಿಂದ ‘ಅಲ್ಲ’ ಎನ್ನುವುದನ್ನು ಅಷ್ಟೇ ಶ್ರದ್ಧೆಯಿಂದ ಕಲಿಸಿದೆವೋ ಎಂದು ನನ್ನನ್ನು ನಾನೇ ಕೇಳಿಕೊಂಡಾಗ ಉತ್ತರ ಹೇಳಲು ಸಂಕೋಚವಾಗುವುದು. ತಾಯ್ತಂದೆಗಳೇ, ಆ ಉಳಿದ ಪಾಠವನ್ನು ಮನೆಯಲ್ಲಿ ಆರಂಭಿಸಬಹುದು. ಈ ಸಂಜೆ ಊಟಕ್ಕೆ ಕುಳಿತಾಗ ಮನೆಯ ಯಾವುದಾದರೊಂದು ಚಿಕ್ಕ ವಿಷಯದಲ್ಲಿ ಮಗಳ ಅಭಿಪ್ರಾಯವನ್ನು ಮೊದಲು ಕೇಳಿರಿ. ಅದು ನಿಮ್ಮದಕ್ಕೆ ಭಿನ್ನವಾಗಿದ್ದರೆ ಗದರಿಸದೆ ‘ಯಾಕೆ ಹಾಗೆ ತೋರುತ್ತದೆ, ಮಗಳೇ?’ ಎಂದು ಕೇಳಿರಿ. ಅಲ್ಲಿ ಬಾಯಿಬಿಟ್ಟ ಹುಡುಗಿಯು ನಾಳೆ ಸಭೆಯಲ್ಲಿಯೂ ಬಾಯಿಬಿಡುವಳು. ಆ ಸಭೆಯು ಆಕೆಯ ಒಂದು ಮಾತಿನಿಂದ ಕೇಡನ್ನು ತಪ್ಪಿಸಿಕೊಳ್ಳುವುದು. ಆಗ ಮಾತು ಬೆಳ್ಳಿಯಾಗಿ ಉಳಿಯದು, ಅಪ್ಪಟ ಬಂಗಾರವೇ ಆಗುವುದು.